ಸ್ವೀಡನ್ನಿನಲ್ಲಿ ದಾಖಲೆಯಿಲ್ಲದ ವಲಸಿಗರು: ಕಾಲಮಿತಿ ಮತ್ತು ಕಾನೂನಿನ ಪರಿಹಾರ

ಸ್ವೀಡನ್ನಿನಲ್ಲಿ ವಾಸದ ಪರವಾನಗಿ ಇಲ್ಲದೆ ವರ್ಷಗಟ್ಟಲೆ ನೆಲೆಸಿದವರನ್ನು ‘ಪಾಪರ್ಸ್‌ಲೋಸ’, ಅಂದರೆ ಕಾಗದಪತ್ರ ಇಲ್ಲದವರು ಎಂದು ಕರೆಯುತ್ತಾರೆ. ಇಷ್ಟು ವರ್ಷ ಇದ್ದರೆ ಇನ್ನು ಇಲ್ಲೇ ಇರಬಹುದು ಎಂಬ ಹಕ್ಕು ಆ ದೇಶದ ವಿದೇಶೀಯರ ಕಾಯ್ದೆಯಲ್ಲಿಲ್ಲ. ಆದರೆ ಗಡೀಪಾರು ಆದೇಶಕ್ಕೆ ಆಯುಸ್ಸಿತ್ತು. ಆದೇಶ ಅಂತಿಮವಾಗಿ ನಾಲ್ಕು ವರ್ಷ ಕಳೆಯುವುದರೊಳಗೆ ಅದನ್ನು ಜಾರಿ ಮಾಡಲು ಸರ್ಕಾರಕ್ಕೆ ಆಗದಿದ್ದರೆ ಆದೇಶ ತಾನಾಗಿ ರದ್ದಾಗುತ್ತಿತ್ತು, ಆ ವ್ಯಕ್ತಿ ಹೊಸದಾಗಿ ಅರ್ಜಿ ಹಾಕಬಹುದಿತ್ತು. 2025ರ ಏಪ್ರಿಲ್ 1ರಂದು ಈ ವ್ಯವಸ್ಥೆ ಕೊನೆಗೊಂಡಿತು. ವಾಯಿದೆಯ ಈ ನಿಯಮ, ಮಾನವೀಯ ಕಾರಣಗಳ ಕಲಮು, ಆಗೊಮ್ಮೆ ಈಗೊಮ್ಮೆ ಬಂದ ತಾತ್ಕಾಲಿಕ ಶಾಸನಗಳು, ಉದ್ಯೋಗದ ದಾರಿ, ಆಸ್ಪತ್ರೆ ಮತ್ತು ಶಾಲೆಯ ಹಕ್ಕುಗಳು ಸೇರಿ ದಾಖಲೆಯಿಲ್ಲದವರಿಗೆ ಸಿಕ್ಕಿದ ಕಾನೂನು ಪರಿಹಾರದ ಚೌಕಟ್ಟಾಗಿದ್ದವು.

ಯಾರು, ಹೇಗೆ

ದಾಖಲೆಯಿಲ್ಲದವರಲ್ಲಿ ಹಲವು ಬಗೆಯವರಿದ್ದಾರೆ. ಆಶ್ರಯದ ಅರ್ಜಿ ತಿರಸ್ಕೃತವಾದ ಮೇಲೂ ದೇಶ ಬಿಡದವರು, ವೀಸಾ ಅಥವಾ ಕೆಲಸದ ಪರವಾನಗಿ ಮುಗಿದ ಮೇಲೂ ಉಳಿದವರು, ಯಾವ ಕಚೇರಿಗೂ ಅರ್ಜಿಯನ್ನೇ ಹಾಕದವರು, ಹುಟ್ಟಿದಾಗಿನಿಂದ ಯಾವ ದೇಶದ ಪೌರತ್ವವೂ ಇಲ್ಲದವರು. ಸಂಖ್ಯೆಯ ವಿಷಯದಲ್ಲಿ ಇರುವುದು ಅಂದಾಜು ಮಾತ್ರ. 2011ರಲ್ಲಿ ಸರ್ಕಾರಕ್ಕೆ ಸಲ್ಲಿಕೆಯಾದ ವೈದ್ಯಕೀಯ ಸೇವೆಯ ತನಿಖಾ ವರದಿ 10,000ದಿಂದ 35,000 ಎಂಬ ವಿಶಾಲ ಲೆಕ್ಕ ಕೊಟ್ಟಿತ್ತು.

ಸ್ವೀಡನ್ನಿನಲ್ಲಿ ನಾಗರಿಕ ಜೀವನವೆಲ್ಲ ನಿಂತಿರುವುದು ‘ಪರ್ಸೂನ್‌ನುಮ್ಮರ್’ ಎಂಬ ವೈಯಕ್ತಿಕ ಸಂಖ್ಯೆಯ ಮೇಲೆ. ಜನ್ಮದಿನಾಂಕಕ್ಕೆ ನಾಲ್ಕು ಅಂಕಿ ಸೇರಿಸಿದ ಈ ಸಂಖ್ಯೆ ಇಲ್ಲದಿದ್ದರೆ ಬ್ಯಾಂಕ್ ಖಾತೆ ತೆರೆಯುವುದು, ಬಾಡಿಗೆ ಕರಾರು ಮಾಡಿಕೊಳ್ಳುವುದು, ಮೊಬೈಲ್ ಚಂದಾ ಪಡೆಯುವುದು ಎಲ್ಲವೂ ಕಷ್ಟ. ಮೊಬೈಲ್‌ನಲ್ಲಿರುವ ಬ್ಯಾಂಕ್‌ಐಡಿಯಿಂದಲೇ ಜನ ತೆರಿಗೆ ಕಟ್ಟುವ, ವೈದ್ಯರ ಸಮಯ ಗೊತ್ತುಪಡಿಸಿಕೊಳ್ಳುವ, ಮಕ್ಕಳ ಶಾಲೆಯೊಂದಿಗೆ ವ್ಯವಹರಿಸುವ ಊರಿನಲ್ಲಿ ಸಂಖ್ಯೆಯಿಲ್ಲದವರು ಕಣ್ಣೆದುರಿಗಿದ್ದೂ ಲೆಕ್ಕಕ್ಕೆ ಸಿಗುವುದಿಲ್ಲ. ಶುಚಿಗೊಳಿಸುವ ಕೆಲಸ, ಕಟ್ಟಡ ದುರಸ್ತಿ, ಹೋಟೆಲಿನ ಅಡುಗೆಮನೆ, ಮನೆಗೆಲಸ ಇವೇ ಸಾಮಾನ್ಯವಾಗಿ ಅವರ ಜೀವನಾಧಾರ.

ಆಶ್ರಯಾರ್ಥಿಗಳ ಒಳಹರಿವು ಒಂದೇ ಸಮನಾಗಿ ಬಂದದ್ದಲ್ಲ. ಯುಗೊಸ್ಲಾವಿಯಾ ಒಡೆದ 1992ರಲ್ಲಿ ಸುಮಾರು 84,000 ಜನ ಅರ್ಜಿ ಹಾಕಿದರು. 2015ರಲ್ಲಿ ಆ ಸಂಖ್ಯೆ 1,62,877ಕ್ಕೇರಿತು. ಅವರಲ್ಲಿ 35,369 ಮಂದಿ ಹೆತ್ತವರ ಜೊತೆಯಿಲ್ಲದೆ ಬಂದ ಮಕ್ಕಳು ಮತ್ತು ಹದಿಹರೆಯದವರು, ಬಹುಪಾಲು ಅಫ್ಘಾನಿಸ್ತಾನದವರು. ಇಂಥ ಪ್ರತಿಯೊಂದು ಏರಿಕೆಯ ಬೆನ್ನಿಗೆ, ಕೆಲವು ವರ್ಷ ತಡವಾಗಿ, ಅರ್ಜಿ ತಿರಸ್ಕೃತವಾಗಿಯೂ ದೇಶದಲ್ಲೇ ಉಳಿದವರ ಒಂದು ಗುಂಪು ರೂಪುಗೊಂಡಿತು. ಮುಂದೆ ಬಂದ ಪರಿಹಾರ ಶಾಸನಗಳೆಲ್ಲ ಇಂಥ ಗುಂಪುಗಳಿಗಾಗಿಯೇ ಬಂದವು.

ನಿರ್ಧಾರ ಅಂತಿಮವಾಗುವ ಬಗೆ

ಈಗ ಜಾರಿಯಲ್ಲಿರುವ ವಿದೇಶೀಯರ ಕಾಯ್ದೆ 2005ರಲ್ಲಿ ಅಂಗೀಕಾರವಾಗಿ 2006ರ ಮಾರ್ಚ್ 31ರಿಂದ ಜಾರಿಗೆ ಬಂತು. ಅದಕ್ಕೂ ಮುಂಚೆ ಮೇಲ್ಮನವಿಗಳನ್ನು ವಿಚಾರಿಸುತ್ತಿದ್ದದ್ದು 1992ರಲ್ಲಿ ಸ್ಥಾಪನೆಯಾದ ವಿದೇಶೀಯರ ಮೇಲ್ಮನವಿ ಮಂಡಳಿ. ಕಡತ ನೋಡಿಯೇ ಹೆಚ್ಚಿನ ತೀರ್ಮಾನ ಕೊಡುತ್ತಿದ್ದ ಈ ಮಂಡಳಿಯ ವಿರುದ್ಧ ವಕೀಲರೂ ಚರ್ಚ್‌ಗಳೂ ವರ್ಷಗಟ್ಟಲೆ ದೂರಿದರು. ಹೊಸ ಕಾಯ್ದೆ ಅದನ್ನು ಮುಚ್ಚಿ ನ್ಯಾಯಾಲಯಗಳ ವ್ಯವಸ್ಥೆ ತಂದಿತು. ಮೊದಲ ತೀರ್ಮಾನ ವಲಸೆ ಇಲಾಖೆಯದು. ಅದರ ಮೇಲೆ ಸ್ಟಾಕ್‌ಹೋಮ್, ಗೋಥೆನ್‌ಬರ್ಗ್, ಮಾಲ್ಮೊ, ಲೂಲಿಯೊ ನಗರಗಳ ವಲಸೆ ನ್ಯಾಯಾಲಯಗಳಲ್ಲಿ ಮೇಲ್ಮನವಿ. ಆಮೇಲೆ ಸ್ಟಾಕ್‌ಹೋಮಿನ ವಲಸೆ ಮೇಲ್ಮನವಿ ನ್ಯಾಯಾಲಯ. ಈ ಕೊನೆಯ ಹಂತಕ್ಕೆ ಹೋಗಲು ವಿಶೇಷ ಅನುಮತಿ ಬೇಕು, ಮುಂದಿನ ಪ್ರಕರಣಗಳಿಗೆ ಮಾರ್ಗದರ್ಶಿಯಾಗುವಂಥ ಪ್ರಶ್ನೆ ಇದ್ದರೆ ಮಾತ್ರ ಅದು ಸಾಮಾನ್ಯವಾಗಿ ದೊರೆಯುತ್ತದೆ.

ಮೇಲ್ಮನವಿಗೆ ಕೊಡುವ ಸಮಯ ಸಾಮಾನ್ಯವಾಗಿ ಮೂರು ವಾರ. ಆ ಗಡುವು ದಾಟಿದರೆ, ಇಲ್ಲವೇ ಕೊನೆಯ ನ್ಯಾಯಾಲಯವೂ ಅನುಮತಿ ನಿರಾಕರಿಸಿದರೆ, ಆದೇಶ ಅಂತಿಮ. ಸ್ವಂತ ಇಚ್ಛೆಯಿಂದ ಹೊರಡಲು ಎರಡರಿಂದ ನಾಲ್ಕು ವಾರ ಕೊಡುತ್ತಾರೆ. ಹೊರಡದಿದ್ದರೆ ದೇಶಕ್ಕೆ ಮರಳುವುದನ್ನು ನಿಷೇಧಿಸುವ ಆದೇಶ ಹೊರಬೀಳಬಹುದು, ವ್ಯಕ್ತಿ ತಲೆಮರೆಸಿಕೊಂಡರೆ ಕಡತ ಗಡಿ ಪೊಲೀಸರ ಕೈಗೆ ಹೋಗುತ್ತದೆ. ಪರವಾನಗಿಯಿಲ್ಲದೆ ಇರುವುದು ದಂಡ ತೆರಬೇಕಾದ ಅಪರಾಧ.

ನಾಲ್ಕು ವರ್ಷದ ವಾಯಿದೆ

ಕಾಯ್ದೆಯ 12ನೇ ಅಧ್ಯಾಯದ 22ನೇ ಸೆಕ್ಷನ್ 2025ರವರೆಗೆ ಹೇಳುತ್ತಿದ್ದುದು ಇಷ್ಟು: ಅಪರಾಧಕ್ಕಾಗಿ ಸಾಮಾನ್ಯ ನ್ಯಾಯಾಲಯ ವಿಧಿಸಿದ ಗಡೀಪಾರನ್ನು ಬಿಟ್ಟು, ಉಳಿದ ಗಡೀಪಾರು ಆದೇಶಗಳು ಅಂತಿಮವಾದ ದಿನದಿಂದ ನಾಲ್ಕು ವರ್ಷದೊಳಗೆ ಜಾರಿಯಾಗದಿದ್ದರೆ ಬಲ ಕಳೆದುಕೊಳ್ಳುತ್ತವೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಒಂದು ಕುಟುಂಬದ ಗಡೀಪಾರು ಆದೇಶ 2014ರ ಮಾರ್ಚ್ 10ರಂದು ಅಂತಿಮವಾಯಿತು ಎಂದಿಟ್ಟುಕೊಂಡರೆ, ದೀರ್ಘಾವಧಿಯ ಮರುಪ್ರವೇಶ ನಿಷೇಧ ಇಲ್ಲದ ಪಕ್ಷದಲ್ಲಿ, 2018ರ ಮಾರ್ಚ್ 10ಕ್ಕೆ ಅದರ ಆಯುಸ್ಸು ಮುಗಿಯುತ್ತಿತ್ತು. ಮರುದಿನ ಆ ಕುಟುಂಬ ವಲಸೆ ಇಲಾಖೆಯ ಕಚೇರಿಗೆ ಹೋಗಿ ಹೊಸ ಆಶ್ರಯದ ಅರ್ಜಿ ಹಾಕಬಹುದಿತ್ತು. ಆಗ ಅವರು ಮತ್ತೆ ಕಾನೂನಿನ ಕಣ್ಣಿಗೆ ಆಶ್ರಯಾರ್ಥಿಗಳು. ಅರ್ಜಿದಾರರ ಗುರುತಿನ ಚೀಟಿ ಕೈಗೆ ಬರುತ್ತಿತ್ತು. ದಿನಭತ್ಯೆ ಬರುತ್ತಿತ್ತು, ಒಂಟಿ ವಯಸ್ಕರಿಗೆ ದಿನಕ್ಕೆ ಗರಿಷ್ಠ 71 ಕ್ರೋನ. 1994ರಿಂದ ಬದಲಾಗದೆ ಉಳಿದ ಮೊತ್ತವದು. ಗುರುತು ರುಜುವಾತಾದರೆ ಕೆಲಸ ಮಾಡಲೂ ಅಡ್ಡಿಯಿರಲಿಲ್ಲ. ಹೊಸ ವಿಚಾರಣೆಯಲ್ಲಿ ಅಧಿಕಾರಿ ತಾಯ್ನಾಡಿನ ಇವತ್ತಿನ ಸ್ಥಿತಿಯನ್ನೂ ಮಕ್ಕಳ ಇವತ್ತಿನ ಬದುಕನ್ನೂ ನೋಡಬೇಕಿತ್ತು.

ಆದರೆ ವಾಯಿದೆ ಮುಗಿದ ಮಾತ್ರಕ್ಕೆ ವಾಸದ ಪರವಾನಗಿ ಸಿಗುತ್ತಿರಲಿಲ್ಲ. ಹಳೆಯ ಕಾರಣಗಳೇ ಇದ್ದರೆ ಉತ್ತರವೂ ಹಳೆಯದೇ ಆಗುವ ಸಾಧ್ಯತೆ ಹೆಚ್ಚು. ಮತ್ತೊಮ್ಮೆ ತಿರಸ್ಕಾರವಾದರೆ ಎಣಿಕೆ ಮತ್ತೆ ಸೊನ್ನೆಯಿಂದ ಶುರು. ಇದು ಕ್ಷಮಾದಾನವಲ್ಲ, ಎರಡನೆಯ ವಿಚಾರಣೆಗೆ ಸಿಕ್ಕುವ ಅವಕಾಶ. ಆದರೂ ವಕೀಲರು, ನೆರವಿನ ಸಂಘಟನೆಗಳು, ಅಡಗಿದ್ದ ಕುಟುಂಬಗಳು ಎಲ್ಲರೂ ನೆನಪಿಟ್ಟುಕೊಳ್ಳುತ್ತಿದ್ದದ್ದು ಆ ಒಂದು ದಿನಾಂಕವನ್ನು.

ಈ ನಿಯಮವನ್ನು ಬಿಗಿ ಮಾಡಿದ ಮೊದಲ ತಿದ್ದುಪಡಿ ಬಂದದ್ದು 2012ರ ಮೇ 1ರಂದು, ಯುರೋಪಿಯನ್ ಒಕ್ಕೂಟದ ಮರಳಿಕೆ ನಿರ್ದೇಶನವನ್ನು ಸ್ವೀಡನ್ ಜಾರಿ ಮಾಡಿದಾಗ. ಮರುಪ್ರವೇಶ ನಿಷೇಧದ ಅವಧಿ ನಾಲ್ಕು ವರ್ಷಕ್ಕಿಂತ ದೀರ್ಘವಾಗಿದ್ದರೆ, ಆ ನಿಷೇಧ ಮುಗಿಯುವವರೆಗೂ ಗಡೀಪಾರು ಆದೇಶ ಜೀವಂತವಾಗಿರುತ್ತದೆ ಎಂದಾಯಿತು.

ಡಬ್ಲಿನ್ ನಿಯಮದ ಎಣಿಕೆ ಇದಕ್ಕಿಂತ ಬೇರೆ. ಮೊದಲು ಕಾಲಿಟ್ಟ ಯುರೋಪಿಯನ್ ದೇಶವೇ ಆಶ್ರಯದ ಅರ್ಜಿಯನ್ನು ನೋಡಬೇಕು ಎಂಬ ಈ ವ್ಯವಸ್ಥೆಯ ಮೂರನೇ ಆವೃತ್ತಿಯಲ್ಲಿ, ವ್ಯಕ್ತಿಯನ್ನು ಆ ದೇಶಕ್ಕೆ ಕಳಿಸಲು ಆರು ತಿಂಗಳ ಗಡುವು. ವ್ಯಕ್ತಿ ತಲೆಮರೆಸಿಕೊಂಡರೆ ಅದು 18 ತಿಂಗಳಾಗುತ್ತಿತ್ತು. ಅದೂ ದಾಟಿದರೆ ಹೊಣೆ ಸ್ವೀಡನ್ನಿನದೇ. ಹೀಗೆ ಇಟಲಿಗೋ ಹಂಗೆರಿಗೋ ಹೋಗಬೇಕಿದ್ದ ಅನೇಕರ ಅರ್ಜಿಗಳ ಮೊದಲ ವಿಚಾರಣೆ ಸ್ವೀಡನ್ನಿನಲ್ಲೇ ನಡೆಯಿತು.

ವಾಯಿದೆಯ ಪರ ಮತ್ತು ವಿರುದ್ಧದ ವಾದಗಳು ಎರಡು ದಶಕ ಹೆಚ್ಚು ಬದಲಾಗಲಿಲ್ಲ. ಕಾನೂನು ಪಾಲಿಸಿ ಮರಳಿದವನಿಗಿಂತ ಅಡಗಿ ಕುಳಿತವನಿಗೇ ಲಾಭ ಎಂಬುದು ಒಂದು ಪಕ್ಷ. ನಾಲ್ಕು ವರ್ಷದ ಹಿಂದಿನ ಸಂಗತಿಗಳ ಮೇಲೆ ಬರೆದ ತೀರ್ಮಾನವನ್ನು ಇವತ್ತು ಜಾರಿ ಮಾಡುವುದು ನ್ಯಾಯವಲ್ಲ, ಅಷ್ಟರಲ್ಲಿ ಮಗು ಶಾಲೆಗೆ ಸೇರಿರುತ್ತದೆ, ತಾಯ್ನಾಡಿನಲ್ಲಿ ಸರ್ಕಾರ ಬದಲಾಗಿರುತ್ತದೆ ಎಂಬುದು ಇನ್ನೊಂದು.

ಮಾನವೀಯ ಕಾರಣಗಳು

ನಿರಾಶ್ರಿತ ಎಂಬ ಮಾನದಂಡಕ್ಕೆ ಸರಿಹೊಂದದಿದ್ದರೂ ವ್ಯಕ್ತಿಯ ಒಟ್ಟು ಸ್ಥಿತಿ ಅತ್ಯಂತ ಕರುಣಾಜನಕವಾಗಿದ್ದರೆ ಪರವಾನಗಿ ಕೊಡಬಹುದು ಎನ್ನುವುದು ಕಾಯ್ದೆಯ 5ನೇ ಅಧ್ಯಾಯದ 6ನೇ ಸೆಕ್ಷನ್. ನೋಡಬೇಕಾದದ್ದು ಮುಖ್ಯವಾಗಿ ಮೂರು: ಆರೋಗ್ಯ, ಸ್ವೀಡನ್ನಿನ ಬದುಕಿಗೆ ಹೊಂದಿಕೊಂಡಿರುವಿಕೆ, ತಾಯ್ನಾಡಿನ ಪರಿಸ್ಥಿತಿ. ದೀರ್ಘಕಾಲ ಇದ್ದವರಿಗೆ ಎರಡನೆಯದೇ ಆಸರೆ ಎಂದು ತೋರಬಹುದು. ಆದರೆ ಪರವಾನಗಿಯಿಲ್ಲದೆ, ಅದರಲ್ಲೂ ಅಡಗಿಕೊಂಡು ಕಳೆದ ವರ್ಷಗಳಿಗೆ ವಯಸ್ಕರ ವಿಷಯದಲ್ಲಿ ಅಧಿಕಾರಿಗಳು ಹೆಚ್ಚು ತೂಕ ಕೊಡುವುದಿಲ್ಲ.

ಈ ಕಲಮಿನ ಬಾಗಿಲು ಹಿಗ್ಗಿದ್ದೂ ಕುಗ್ಗಿದ್ದೂ ರಾಜಕೀಯದ ಹವೆಗೆ ತಕ್ಕಂತೆ. 2014ರ ಜುಲೈಯಿಂದ ಮಕ್ಕಳ ಮಟ್ಟಿಗೆ ಮಾನದಂಡವನ್ನು ಒಂದು ಮೆಟ್ಟಿಲು ಇಳಿಸಿದರು. 2016ರ ಜುಲೈ 20ರಂದು ಬಂದ ತಾತ್ಕಾಲಿಕ ಕಾಯ್ದೆ ಈ ದಾರಿಯನ್ನು ಬಹುತೇಕ ಮುಚ್ಚಿತು, ಸ್ವೀಡನ್ ಸಹಿ ಹಾಕಿದ ಅಂತಾರಾಷ್ಟ್ರೀಯ ಒಪ್ಪಂದಕ್ಕೆ ಧಕ್ಕೆಯಾಗುವ ಪ್ರಕರಣಗಳನ್ನಷ್ಟೇ ಉಳಿಸಿತು. ಐದು ವರ್ಷದ ಮೇಲೆ, 2021ರ ಜುಲೈ 20ರಂದು, ಅದು ಮತ್ತೆ ತೆರೆಯಿತು. ಮಕ್ಕಳಿಗೂ, ಹಿಂದೆ ಪರವಾನಗಿಯ ಮೇಲೆ ವಾಸಿಸಿ ದೇಶದೊಂದಿಗೆ ಗಟ್ಟಿ ನಂಟು ಬೆಳೆಸಿಕೊಂಡ ವಯಸ್ಕರಿಗೂ ಸಡಿಲ ಮಾನದಂಡ ಸಿಕ್ಕಿತು. 2023ರ ಡಿಸೆಂಬರ್ 1ರಂದು ವಯಸ್ಕರಿಗಿದ್ದ ಆ ಸಡಿಲಿಕೆ ಹೋಯಿತು. ಹೆತ್ತವರಿಗೆ ಪರವಾನಗಿ ಇದ್ದು, ತಾವು 18 ತುಂಬಿದ್ದರಿಂದಲೇ ಪ್ರತ್ಯೇಕವಾಗಿ ಗಡೀಪಾರಿನ ಆದೇಶ ಪಡೆದ ಯುವಕ ಯುವತಿಯರ ವಿಷಯ ಮುಂದೆ ದೊಡ್ಡ ಸಾರ್ವಜನಿಕ ಚರ್ಚೆಯಾದದ್ದು ಈ ಬದಲಾವಣೆಯಿಂದ.

ಅಂತಿಮ ಆದೇಶದ ನಂತರ ಹೊಸ ಸಂಗತಿ ಎದ್ದರೆ ಜಾರಿಗೆ ಅಡ್ಡಿ ಇದೆ ಎಂದು ತೋರಿಸುವ ದಾರಿಯೂ ಉಂಟು. ತಾಯ್ನಾಡು ಸ್ವೀಕರಿಸಲು ನಿರಾಕರಿಸಿದರೆ, ಮಾರಣಾಂತಿಕ ಕಾಯಿಲೆ ಬಂದರೆ, ಜೀವಕ್ಕೆ ಅಪಾಯ ಹೊಸದಾಗಿ ಹುಟ್ಟಿದರೆ ವಲಸೆ ಇಲಾಖೆ ಆದೇಶವನ್ನು ತಡೆಹಿಡಿಯಬಹುದು, ಪರವಾನಗಿಯನ್ನೂ ಕೊಡಬಹುದು. ‘ಹೊಸ ಸಂಗತಿ’ ಎಂಬುದನ್ನು ರುಜುವಾತುಪಡಿಸುವ ಭಾರ ಮಾತ್ರ ಅರ್ಜಿದಾರನದೇ.

ಒಂದೇ ಬಾರಿಗೆ ಬಂದ ಶಾಸನಗಳು

ದೊಡ್ಡ ಸಂಖ್ಯೆಯ ಪರಿಹಾರ ದೊರೆತದ್ದು ಈ ಖಾಯಂ ಕಲಮುಗಳಿಂದಲ್ಲ, ಒಂದು ದಿನಾಂಕವನ್ನು ಗೆರೆಯಾಗಿಟ್ಟುಕೊಂಡು ಬಂದ ವಿಶೇಷ ಶಾಸನಗಳಿಂದ.

1994: ಬಾಲ್ಕನ್ ಯುದ್ಧದ ಕಾಲದಲ್ಲಿ, 1993ರ ಜೂನ್‌ನಲ್ಲಿ, ಬೋಸ್ನಿಯಾದ ಸಾವಿರಾರು ಜನರಿಗೆ ಸ್ವೀಡನ್ ಖಾಯಂ ಪರವಾನಗಿ ಕೊಟ್ಟಿತು, ಜೊತೆಗೇ ಹೊಸಬರಿಗೆ ವೀಸಾ ಕಡ್ಡಾಯ ಮಾಡಿತು. ಕೊಸೊವೊದ ಆಲ್ಬೇನಿಯನ್ನರು ಆ ಸೌಲಭ್ಯದಿಂದ ಹೊರಗುಳಿದರು. 1994ರ ಏಪ್ರಿಲ್‌ನಲ್ಲಿ ಬಂದ ಸರ್ಕಾರಿ ನಿಯಮ, 1993ರ ಜನವರಿ 1ಕ್ಕೆ ಮುಂಚೆ ಅರ್ಜಿ ಹಾಕಿದ್ದ ಮಕ್ಕಳಿರುವ ಕುಟುಂಬಗಳಿಗೆ ಉಳಿಯುವ ದಾರಿ ಮಾಡಿತು. ಅದರ ಪ್ರಯೋಜನ ಪಡೆದವರಲ್ಲಿ ಕೊಸೊವೊದವರೇ ಬಹಳ.

2005: ಎರಡು ಸಾವಿರದ ದಶಕದ ಆರಂಭದಲ್ಲಿ ಗಡೀಪಾರಿನ ಭೀತಿಯಲ್ಲಿದ್ದ ಕುಟುಂಬಗಳ ಮಕ್ಕಳಲ್ಲಿ ವಿಚಿತ್ರ ಕಾಯಿಲೆಯೊಂದು ಕಾಣಿಸಿತು. ಮಾತು, ಊಟ, ನಡಿಗೆ ಎಲ್ಲ ನಿಂತು, ಮೂಗಿನ ಕೊಳವೆಯಿಂದ ಆಹಾರ ಪಡೆಯುತ್ತ ತಿಂಗಳುಗಟ್ಟಲೆ ಹಾಸಿಗೆಯಲ್ಲೇ ಇರುತ್ತಿದ್ದರು. 2003ರಿಂದ 2005ರವರೆಗೆ ನಾನೂರಕ್ಕೂ ಹೆಚ್ಚು ಪ್ರಕರಣಗಳು ದಾಖಲಾದವು. 2014ರಲ್ಲಿ ಸ್ವೀಡಿಷ್ ಆರೋಗ್ಯ ಮಂಡಳಿ ಇದನ್ನು ಪ್ರತ್ಯೇಕ ರೋಗವಾಗಿ ಗುರುತಿಸಿತು. ಕೆಲವು ಮಕ್ಕಳನ್ನು ಹೆತ್ತವರೇ ನಟಿಸುವಂತೆ ಮಾಡಿದ್ದರೆಂದು 2019ರಲ್ಲಿ ‘ಫಿಲ್ಟರ್’ ಪತ್ರಿಕೆ ವರದಿ ಮಾಡಿದ ಮೇಲೆ ವಿವಾದ ಮತ್ತೆ ಎದ್ದಿತು. ಆದರೆ 2005ರಲ್ಲಿ ಈ ಮಕ್ಕಳ ಚಿತ್ರ ದೇಶವನ್ನೇ ಕಲಕಿತ್ತು. ಆ ವಸಂತದಲ್ಲಿ ಆರ್ಚ್‌ಬಿಷಪ್ ಕೆ.ಜಿ. ಹಮ್ಮರ್ ಮತ್ತು ಸ್ವೀಡನ್ನಿನ ಕ್ರೈಸ್ತ ಮಂಡಳಿಯ ನೇತೃತ್ವದಲ್ಲಿ ಹೊರಟ ‘ಈಸ್ಟರ್ ಮನವಿ’ಗೆ 1,57,000ಕ್ಕೂ ಹೆಚ್ಚು ಸಹಿ ಬಿದ್ದು, ಅದು ವಲಸೆ ಸಚಿವೆ ಬಾರ್ಬ್ರೊ ಹೋಲ್ಮ್‌ಬೆರ್ಗ್ ಅವರ ಕೈಸೇರಿತು. ಸಂಸತ್ತಾದ ರಿಕ್ಸ್‌ದಾಗ್‌ನಲ್ಲಿ ಐದು ಪಕ್ಷಗಳು ಕ್ಷಮಾದಾನ ಬೇಕೆಂದವು, ಸೋಶಿಯಲ್ ಡೆಮಾಕ್ರಟರೂ ಮಾಡರೇಟರೂ ಒಪ್ಪಲಿಲ್ಲ. ಕೊನೆಗೆ ಯೋರನ್ ಪೆರ್ಸೋನ್ ಸರ್ಕಾರ ಹಸಿರು ಮತ್ತು ಎಡ ಪಕ್ಷಗಳ ಜೊತೆ ರಾಜಿಗೆ ಬಂತು. ‘ಕ್ಷಮಾದಾನ’ ಎಂಬ ಹೆಸರಿಲ್ಲದೆ, 2005ರ ನವೆಂಬರ್ 15ರಿಂದ 2006ರ ಮಾರ್ಚ್ 30ರವರೆಗೆ ಮಾತ್ರ ಜಾರಿಯಲ್ಲಿದ್ದ ಒಂದು ತಾತ್ಕಾಲಿಕ ಕಾನೂನು ಬಂತು. ಅಂತಿಮ ಆದೇಶ ಪಡೆದಿದ್ದವರು ಮತ್ತೆ ಅರ್ಜಿ ಹಾಕಬಹುದಾಯಿತು. ಮಕ್ಕಳು ದೇಶದಲ್ಲಿ ಬಹಳ ಕಾಲ ಇದ್ದರೆ, ಜಾರಿ ಮಾಡುವುದು ಅಸಾಧ್ಯವಾದ ದೇಶದವರಾಗಿದ್ದರೆ ಅರ್ಜಿಗೆ ಬಲ. ವಲಸೆ ಇಲಾಖೆಯ ತೀರ್ಮಾನದ ಮೇಲೆ ಮೇಲ್ಮನವಿ ಇರಲಿಲ್ಲ. ಸುಮಾರು 30,000 ಮಂದಿಯ ಪ್ರಕರಣಗಳು ವಿಚಾರಣೆಗೆ ಬಂದು ಸುಮಾರು 17,000 ಮಂದಿಗೆ ಪರವಾನಗಿ ಸಿಕ್ಕಿತು.

2018: ಮೂರನೆಯದು 2015ರ ಹದಿಹರೆಯದವರಿಗಾಗಿ. ಅರ್ಜಿಗಳ ರಾಶಿಯಿಂದ ವಿಚಾರಣೆ ಒಂದು ವರ್ಷಕ್ಕೂ ಮೀರಿ ತಡವಾಯಿತು, ಕಾಯುತ್ತ ಕಾಯುತ್ತ ಅವರು 18 ದಾಟಿದರು. ವಯಸ್ಕರೆಂದು ಪರಿಗಣಿತರಾದ ಕೂಡಲೇ ರಕ್ಷಣೆಯ ಹಲವು ಕಾರಣಗಳು ಬಿದ್ದುಹೋದವು. 2017ರ ಆಗಸ್ಟ್‌ನಲ್ಲಿ ಅಫ್ಘಾನ್ ಯುವಜನ ಸ್ಟಾಕ್‌ಹೋಮಿನ ಮಿಂಟ್‌ತೊರ್ಯೆಟ್‌ನಲ್ಲಿ, ಆಮೇಲೆ ಮೆದ್‌ಬೊರ್ಯಾರ್‌ಪ್ಲಾತ್ಸೆನ್ ಚೌಕದಲ್ಲಿ ಧರಣಿ ಕೂತರು. 2018ರ ಜೂನ್‌ನಲ್ಲಿ ಸೆಂಟರ್ ಪಕ್ಷದ ಬೆಂಬಲದಿಂದ ರಿಕ್ಸ್‌ದಾಗ್ ಅಂಗೀಕರಿಸಿದ ‘ಹೊಸ ಗಿಮ್ನಾಸಿಯೆ ಕಾನೂನು’ ಜುಲೈ 1ರಂದು ಜಾರಿಗೆ ಬಂತು. 2015ರ ನವೆಂಬರ್ 24ರೊಳಗೆ ಅರ್ಜಿ ಹಾಕಿ, ಕನಿಷ್ಠ 15 ತಿಂಗಳು ಕಾದು, ತೀರ್ಮಾನದ ಹೊತ್ತಿಗೆ 18 ದಾಟಿದ್ದವರು ಪ್ರೌಢ ಶಿಕ್ಷಣ ಮುಗಿಸಲು ಪರವಾನಗಿ ಕೇಳಬಹುದಿತ್ತು. ಮಸೂದೆಯ ಕರಡನ್ನು ಶಾಸನ ಪರಿಶೀಲನಾ ಮಂಡಳಿ ತೀವ್ರವಾಗಿ ಟೀಕಿಸಿತ್ತು, ಕೆಲವು ವಲಸೆ ನ್ಯಾಯಾಲಯಗಳು ಆ ಕಾನೂನನ್ನು ಅನ್ವಯಿಸಲು ಒಪ್ಪಲಿಲ್ಲ. ಅರ್ಜಿಯ ಗಡುವು ಸೆಪ್ಟೆಂಬರ್ 30. ಅದಕ್ಕೆ ಕೆಲವೇ ದಿನ ಮುಂಚೆ, ಸೆಪ್ಟೆಂಬರ್ 25ರಂದು, ಮೇಲ್ಮನವಿ ನ್ಯಾಯಾಲಯ ಕಾನೂನನ್ನು ಅನ್ವಯಿಸಬಹುದೆಂದು ತೀರ್ಪು ಕೊಟ್ಟಿತು. ಹನ್ನೊಂದು ಸಾವಿರಕ್ಕೂ ಹೆಚ್ಚು ಅರ್ಜಿಗಳು ಬಂದು ಏಳು ಸಾವಿರಕ್ಕೂ ಹೆಚ್ಚು ಮಂದಿಗೆ ಪರವಾನಗಿ ಸಿಕ್ಕಿತು. ಓದು ಮುಗಿದ ಮೇಲೆ ಕನಿಷ್ಠ ಎರಡು ವರ್ಷದ ಉದ್ಯೋಗ ಹುಡುಕಿಕೊಂಡರೆ ಖಾಯಂ ವಾಸ ಎಂಬುದು ಷರತ್ತು. ಉದ್ಯೋಗ ಹುಡುಕಲು ಮೊದಲು ಇಟ್ಟಿದ್ದ ಸಮಯ ಆರು ತಿಂಗಳು.

ಉದ್ಯೋಗದ ದಾರಿ

2008ರ ಡಿಸೆಂಬರ್ 15ರಂದು ಫ್ರೆಡ್ರಿಕ್ ರೈನ್‌ಫೆಲ್ಟ್ ಸರ್ಕಾರ ಹಸಿರು ಪಕ್ಷದ ಜೊತೆಗೂಡಿ ಉದ್ಯೋಗ ವಲಸೆಯ ನಿಯಮಗಳನ್ನು ಸಡಿಲಿಸಿತು. ಕೆಲಸಗಾರರ ಅಗತ್ಯ ಇದೆಯೇ ಎಂಬುದನ್ನು ಉದ್ಯೋಗದಾತನೇ ನಿರ್ಧರಿಸುವಂತಾಯಿತು. ಅದರ ಒಳಗೇ ‘ಸ್ಪೋರ್‌ಬೀಟೆ’, ಅಂದರೆ ಹಳಿ ಬದಲಾಯಿಸುವ ಅವಕಾಶವೂ ಇತ್ತು. ಆಶ್ರಯದ ಅರ್ಜಿ ತಿರಸ್ಕೃತವಾದವನು ಅಲ್ಲಿಯವರೆಗೆ ಕಾನೂನುಬದ್ಧವಾಗಿ ಆರು ತಿಂಗಳು, 2014ರಿಂದ ನಾಲ್ಕು ತಿಂಗಳು, ಕೆಲಸ ಮಾಡಿದ್ದರೆ, ಆದೇಶ ಅಂತಿಮವಾದ ಎರಡು ವಾರದೊಳಗೆ ದೇಶ ಬಿಡದೆಯೇ ಕೆಲಸದ ಪರವಾನಗಿ ಕೇಳಬಹುದಿತ್ತು. ಎರಡು ವಾರಕ್ಕೆ ಒಂದು ದಿನ ಹೆಚ್ಚಾದರೂ ಬಾಗಿಲು ಮುಚ್ಚಿದಂತೆ. ವೃದ್ಧರ ಆರೈಕೆ, ಹೋಟೆಲ್, ಬಸ್ ಚಾಲನೆಯಂಥ ಕ್ಷೇತ್ರಗಳಲ್ಲಿ ಇದರಿಂದ ಅನೇಕರು ನೆಲೆ ಕಂಡರು.

ಪರವಾನಗಿ ಇದ್ದವರೂ ಸಣ್ಣ ಕಾರಣಕ್ಕೆ ಅದನ್ನು ಕಳೆದುಕೊಳ್ಳುವ ಸಂದರ್ಭಗಳಿದ್ದವು. ಸ್ಟಾಕ್‌ಹೋಮಿನ ಸಿಸ್ತಾ, ಗೋಥೆನ್‌ಬರ್ಗ್, ಲುಂಡ್ ಕಡೆಗಳಲ್ಲಿ ತಂತ್ರಜ್ಞಾನದ ಕೆಲಸಕ್ಕೆ ಹೋದ ಭಾರತೀಯರಿಗೆ, ಅವರೊಳಗಿನ ಕನ್ನಡಿಗ ಕುಟುಂಬಗಳಿಗೆ, ಹೆಚ್ಚು ಪರಿಚಿತವಾದ ಚರ್ಚೆ ಇದು. ಕಂಪನಿ ಒಂದು ವಿಮೆ ಕಟ್ಟುವುದನ್ನು ಮರೆತಿತ್ತೆಂದೋ, ರಜೆಯ ಲೆಕ್ಕ ತಪ್ಪಿತೆಂದೋ ನಾಲ್ಕು ವರ್ಷದ ಕೊನೆಯಲ್ಲಿ ಪರವಾನಗಿ ನವೀಕರಣ ತಿರಸ್ಕೃತವಾಗಿ, ಕುಟುಂಬ ಕೆಲವೇ ವಾರದಲ್ಲಿ ದೇಶ ಬಿಡಬೇಕಾಗುತ್ತಿತ್ತು. ‘ಪರಿಣತರ ಗಡೀಪಾರು’ ಎಂದು ಪತ್ರಿಕೆಗಳು ಕರೆದ ಈ ಪ್ರಕರಣಗಳ ಒತ್ತಡದಿಂದ 2017ರ ಡಿಸೆಂಬರ್‌ನಲ್ಲಿ ಕಾನೂನು ತಿದ್ದುಪಡಿಯಾಯಿತು. ಅದೇ ತಿಂಗಳು ವಲಸೆ ಮೇಲ್ಮನವಿ ನ್ಯಾಯಾಲಯ, ಸಣ್ಣ ತಪ್ಪೊಂದನ್ನೇ ಹಿಡಿದು ತೀರ್ಮಾನಿಸಬಾರದು, ಒಟ್ಟು ಉದ್ಯೋಗವನ್ನು ನೋಡಬೇಕು ಎಂದಿತು. ಸಂಬಳದ ಮಿತಿಯೂ ಏರಿದೆ. ಹಿಂದೆ ತಿಂಗಳಿಗೆ 13,000 ಕ್ರೋನ ಸಾಕಿತ್ತು. 2023ರ ನವೆಂಬರ್‌ನಲ್ಲಿ ಅದು ದೇಶದ ಮಧ್ಯಮ ಸಂಬಳದ ಶೇ. 80ಕ್ಕೆ ಏರಿತು.

ಆಸ್ಪತ್ರೆ, ಶಾಲೆ, ಕೂಲಿ

ವಾಸದ ಹಕ್ಕು ಇಲ್ಲದೆಯೂ ಸಿಗುವ ಕೆಲವು ಹಕ್ಕುಗಳಿವೆ. ವಿಶ್ವಸಂಸ್ಥೆಯ ಆರೋಗ್ಯ ಹಕ್ಕಿನ ವಿಶೇಷ ವರದಿಗಾರ ಪಾಲ್ ಹಂಟ್ 2006ರಲ್ಲಿ ಸ್ವೀಡನ್ನಿಗೆ ಬಂದು, ದಾಖಲೆಯಿಲ್ಲದವರಿಗೆ ಚಿಕಿತ್ಸೆಯ ಪೂರ್ಣ ವೆಚ್ಚ ಹಾಕುವುದನ್ನು ಕಟುವಾಗಿ ಟೀಕಿಸಿದರು. 2011ರಲ್ಲಿ ಆಗಿನ ಮೈತ್ರಿ ಸರ್ಕಾರಕ್ಕೂ ಹಸಿರು ಪಕ್ಷಕ್ಕೂ ಆದ ಒಪ್ಪಂದದ ಫಲವಾಗಿ 2013ರ ಜುಲೈ 1ರಂದು ಹೊಸ ಆರೋಗ್ಯ ಕಾನೂನು ಬಂತು. 18ರೊಳಗಿನ ಮಕ್ಕಳಿಗೆ ದೇಶದ ಮಕ್ಕಳಷ್ಟೇ ಚಿಕಿತ್ಸೆ. ವಯಸ್ಕರಿಗೆ ಮುಂದೂಡಲಾಗದ ಚಿಕಿತ್ಸೆ, ಹೆರಿಗೆ, ಗರ್ಭಪಾತ, ಗರ್ಭನಿರೋಧ. ವೈದ್ಯರ ಭೇಟಿಗೆ 50 ಕ್ರೋನ, ಔಷಧಿ ಚೀಟಿಗೆ 50 ಕ್ರೋನ. ಮುಂದೂಡಬಹುದೇ ಇಲ್ಲವೇ ಎಂಬುದನ್ನು ಹೇಳಬೇಕಾದವರು ಎದುರಿಗಿರುವ ವೈದ್ಯರು. ಒಂದೇ ಹಲ್ಲುನೋವಿಗೆ ಒಂದು ಊರಲ್ಲಿ ಚಿಕಿತ್ಸೆ, ಇನ್ನೊಂದು ಊರಲ್ಲಿ ನೋವಿನ ಮಾತ್ರೆ ಸಿಗಬಹುದಾದದ್ದು ಇದರಿಂದ. ಅದೇ ದಿನದಿಂದ ದಾಖಲೆಯಿಲ್ಲದ ಮಕ್ಕಳಿಗೆ ಶಾಲೆಯ ಹಕ್ಕೂ ಸಿಕ್ಕಿತು.

ಉದ್ಯೋಗದಾತ ಕೂಲಿ ಕೊಡದಿದ್ದರೆ ಕೇಳುವ ಹಕ್ಕನ್ನೂ 2013ರ ಇನ್ನೊಂದು ಕಾನೂನು ಕೊಟ್ಟಿತು. ಕಾರ್ಮಿಕ ಸಂಘಗಳು 2008ರಲ್ಲಿ ಸ್ಟಾಕ್‌ಹೋಮಿನಲ್ಲಿ ದಾಖಲೆಯಿಲ್ಲದ ಕೆಲಸಗಾರರಿಗಾಗಿ ನೆರವಿನ ಕೇಂದ್ರ ತೆರೆದಿದ್ದವು.

ಆರ್ಥಿಕ ನೆರವಿನ ಕಡೆ ಮಾತ್ರ ಬಾಗಿಲು ಕಿರಿದಾಯಿತು. 2016ರ ಜೂನ್ 1ರಿಂದ, ಮಕ್ಕಳಿಲ್ಲದ ವಯಸ್ಕರ ಆಶ್ರಯದ ಅರ್ಜಿ ತಿರಸ್ಕೃತವಾಗಿ ಹೊರಡುವ ಗಡುವು ಮುಗಿದರೆ ವಸತಿಯೂ ದಿನಭತ್ಯೆಯೂ ನಿಲ್ಲುತ್ತದೆ. ಗಡೀಪಾರಿನಿಂದ ತಪ್ಪಿಸಿಕೊಂಡಿರುವವರಿಗೆ ಸಾಮಾಜಿಕ ಸೇವಾ ಕಾಯ್ದೆಯಡಿ ಪುರಸಭೆಯ ನೆರವಿನ ಹಕ್ಕಿಲ್ಲ ಎಂದು 2017ರಲ್ಲಿ ಸರ್ವೋಚ್ಚ ಆಡಳಿತ ನ್ಯಾಯಾಲಯ ಹೇಳಿತು.

ಆಸರೆ ಕೊಟ್ಟವರು

ಸ್ವೀಡನ್ನಿನಲ್ಲಿ ಗಡೀಪಾರಿನಿಂದ ತಪ್ಪಿಸಲು ಒಬ್ಬರನ್ನು ಮನೆಯಲ್ಲಿ ಅಡಗಿಸಿಟ್ಟರೆ, ಅದು ಲಾಭಕ್ಕಾಗಿ ಮಾಡಿದ್ದಾಗ ಮಾತ್ರ ಅಪರಾಧ. ಈ ಸಡಿಲಿಕೆಯಿಂದ ಒಂದು ದೊಡ್ಡ ಜಾಲ ಬೆಳೆಯಿತು. ಉಪ್ಸಾಲ ಬಳಿಯ ಆಲ್ಸಿಕೆ ಕನ್ಯಾಸ್ತ್ರೀ ಮಠ ಹಲವು ದಶಕಗಳಿಂದ ನಿರಾಶ್ರಿತರಿಗೆ ನೆಲೆ ಕೊಟ್ಟಿದೆ. 1993ರಲ್ಲಿ ಪೊಲೀಸರು ಮಠದ ಮೇಲೆ ದಾಳಿ ಮಾಡಿ ಅಲ್ಲಿದ್ದ ಕುಟುಂಬಗಳನ್ನು ಹಿಡಿದಾಗ ದೇಶದಾದ್ಯಂತ ಆಕ್ರೋಶ ಎದ್ದಿತು. ಗೋಥೆನ್‌ಬರ್ಗ್‌ನಲ್ಲಿ 1998ರಿಂದ ರೂಸೆನ್‌ಗ್ರೆನ್‌ಸ್ಕಾ ಎಂಬ ಸ್ವಯಂಸೇವಕ ವೈದ್ಯರ ಬಳಗ ಚಿಕಿತ್ಸೆ ಕೊಡುತ್ತ ಬಂದಿದೆ.

ಎದುರು ಬದಿಯಲ್ಲಿ ಪೊಲೀಸರ ಕೆಲಸ ಚುರುಕಾಗಿದೆ. ‘ರೇವ’ ಎಂಬ ಯೋಜನೆಯಡಿ 2013ರಲ್ಲಿ ಸ್ಟಾಕ್‌ಹೋಮ್ ಮೆಟ್ರೊ ನಿಲ್ದಾಣಗಳಲ್ಲಿ ಟಿಕೆಟ್ ತಪಾಸಣೆಯ ಜೊತೆಗೇ ವಾಸದ ದಾಖಲೆ ಕೇಳಿದಾಗ, ಚರ್ಮದ ಬಣ್ಣ ನೋಡಿ ತಡೆಯುತ್ತಾರೆ ಎಂಬ ಆರೋಪದಿಂದ ಪ್ರತಿಭಟನೆ ನಡೆಯಿತು. 2017ರ ಏಪ್ರಿಲ್ 7ರಂದು ಸ್ಟಾಕ್‌ಹೋಮಿನ ದ್ರೊಟ್ನಿಂಗ್‌ಗಾತನ್ ಬೀದಿಯಲ್ಲಿ ಲಾರಿ ಹರಿಸಿ ಐವರ ಸಾವಿಗೆ ಕಾರಣನಾದವನು ಆಶ್ರಯದ ಅರ್ಜಿ ತಿರಸ್ಕೃತವಾಗಿ ತಲೆಮರೆಸಿಕೊಂಡಿದ್ದವನು ಎಂದು ತಿಳಿದ ಮೇಲೆ ಚರ್ಚೆಯ ಕಾವು ಏರಿತು.

2022ರ ನಂತರ

2022ರ ಅಕ್ಟೋಬರ್ 14ರಂದು ಮಾಡರೇಟ್, ಕ್ರಿಶ್ಚಿಯನ್ ಡೆಮಾಕ್ರಟ್, ಲಿಬರಲ್ ಪಕ್ಷಗಳು ಸ್ವೀಡನ್ ಡೆಮಾಕ್ರಟ್ ಪಕ್ಷದ ಜೊತೆ ‘ಟೀಡ ಒಪ್ಪಂದ’ಕ್ಕೆ ಬಂದು ಉಲ್ಫ್ ಕ್ರಿಸ್ಟರ್ಸೋನ್ ಸರ್ಕಾರ ರಚಿಸಿದವು. ದೀರ್ಘಕಾಲದ ಅಕ್ರಮ ವಾಸಕ್ಕೆ ಯಾವ ಪ್ರತಿಫಲವೂ ಸಿಗಬಾರದು ಎಂಬುದು ಆ ಒಪ್ಪಂದದ ನಿಲುವು. ಸರ್ಕಾರಿ ನೌಕರರು ದಾಖಲೆಯಿಲ್ಲದವರ ಮಾಹಿತಿ ಕೊಡಬೇಕೆಂಬ ಅದರ ಅಂಶ ಶಿಕ್ಷಕರು, ವೈದ್ಯರ ಭಾರೀ ವಿರೋಧ ಎದುರಿಸಿತು. 2024ರಲ್ಲಿ ಬಂದ ತನಿಖಾ ವರದಿ ಶಾಲೆ ಮತ್ತು ಆಸ್ಪತ್ರೆಗಳನ್ನು ಬಿಟ್ಟು, ತೆರಿಗೆ ಇಲಾಖೆ, ಸಾಮಾಜಿಕ ವಿಮಾ ಕಚೇರಿ ಮೊದಲಾದ ಆರು ಸಂಸ್ಥೆಗಳಿಗೆ ಮಾತ್ರ ಈ ಹೊಣೆ ಹೊರಿಸಲು ಸೂಚಿಸಿತು.

ವಾಯಿದೆಯ ಮೇಲಿನ ನಿರ್ಣಾಯಕ ಹೊಡೆತ 2025ರ ಏಪ್ರಿಲ್ 1ರಂದು ಬಿತ್ತು. ಗಡೀಪಾರು ಆದೇಶದ ಆಯುಸ್ಸು ಐದು ವರ್ಷವಾಯಿತು, ಆದರೆ ಎಣಿಕೆ ಶುರುವಾಗುವುದು ವ್ಯಕ್ತಿ ದೇಶ ಬಿಟ್ಟ ದಿನದಿಂದ. ಒಳಗೇ ಉಳಿದವನ ಆದೇಶಕ್ಕೆ ಈಗ ವಯಸ್ಸಾಗುವುದಿಲ್ಲ. ಹಳಿ ಬದಲಾಯಿಸುವ ಅವಕಾಶವೂ ಅದೇ ದಿನ ರದ್ದಾಯಿತು. ಹಿಂದೆ ಆ ದಾರಿಯಲ್ಲಿ ಪರವಾನಗಿ ಪಡೆದು ವರ್ಷಗಟ್ಟಲೆ ದುಡಿದವರ ನವೀಕರಣವೂ ಸಿಕ್ಕಿಬಿತ್ತು.

ಬೇರೆ ದೇಶಗಳು, ಭಾರತ

ವರ್ಷಗಳನ್ನೇ ಆಧಾರವಾಗಿಟ್ಟು ಹಕ್ಕು ಕೊಡುವ ದೇಶಗಳೂ ಇವೆ. ಬ್ರಿಟನ್ನಿನಲ್ಲಿ 20 ವರ್ಷ ಸತತವಾಗಿ ಇದ್ದವರು, ದಾಖಲೆ ಇಲ್ಲದಿದ್ದರೂ, ಪರವಾನಗಿ ಕೇಳಬಹುದು ಎಂಬ ನಿಯಮ 2012ರಲ್ಲಿ ಬಂತು, ಅದಕ್ಕೆ ಮುಂಚೆ 14 ವರ್ಷ ಸಾಕಿತ್ತು. ಸ್ಪೇನ್ ಸ್ಥಳೀಯ ನಂಟು ತೋರಿಸಿದವರಿಗೆ ಕೆಲವೇ ವರ್ಷದಲ್ಲಿ ದಾರಿ ಕೊಡುತ್ತದೆ. ಜರ್ಮನಿ 2022ರ ಅಕ್ಟೋಬರ್ 31ಕ್ಕೆ ಐದು ವರ್ಷ ತುಂಬಿದ್ದವರಿಗೆ ಅವಕಾಶದ ವಾಸ ಎಂಬ ಪರವಾನಗಿ ತಂದಿತು. ಅಮೆರಿಕದಲ್ಲಿ 1972ರ ಜನವರಿ 1ಕ್ಕೆ ಮುಂಚಿನಿಂದ ಇರುವವರು ನೋಂದಾಯಿಸಿಕೊಳ್ಳಬಹುದು. ಆ ದಿನಾಂಕವನ್ನು ಸಂಸತ್ತು ಕೊನೆಯ ಬಾರಿ ಮುಂದಕ್ಕೆ ತಂದದ್ದು 1986ರಲ್ಲಿ.

ಭಾರತದಲ್ಲಿ 1946ರ ವಿದೇಶೀಯರ ಕಾಯ್ದೆಯಲ್ಲಿ ಇಂಥ ವಾಯಿದೆ ಇರಲಿಲ್ಲ. ಇಲ್ಲೂ ಪರಿಹಾರ ಬಂದದ್ದು ಕತ್ತರಿಸಿದ ದಿನಾಂಕಗಳ ರೂಪದಲ್ಲಿ. 1985ರ ಅಸ್ಸಾಂ ಒಪ್ಪಂದದ ಗೆರೆ 1971ರ ಮಾರ್ಚ್ 24, ಆ ಒಪ್ಪಂದದ ಮೇಲೆ ನಿಂತ ಪೌರತ್ವ ಕಾಯ್ದೆಯ 6ಎ ಸೆಕ್ಷನ್ನನ್ನು ಸುಪ್ರೀಂ ಕೋರ್ಟು 2024ರ ಅಕ್ಟೋಬರ್‌ನಲ್ಲಿ ಎತ್ತಿಹಿಡಿಯಿತು. ಮೈಸೂರು ಜಿಲ್ಲೆಯ ಬೈಲಕುಪ್ಪೆಯಂಥ ಶಿಬಿರಗಳ ಟಿಬೆಟಿಯನ್ನರ ವಿಷಯದಲ್ಲೂ ದಿನಾಂಕವೇ ನಿರ್ಣಾಯಕ. 1950ರ ಜನವರಿ 26ರಿಂದ 1987ರ ಜುಲೈ 1ರ ನಡುವೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪ್ರಜೆಗಳು ಎಂಬ ನಿಯಮ ಟಿಬೆಟಿಯನ್ನರಿಗೂ ಅನ್ವಯಿಸುತ್ತದೆಂದು 2013ರಲ್ಲಿ ಕರ್ನಾಟಕ ಹೈಕೋರ್ಟು ಹೇಳಿತು.

ಉಳಿದಿರುವ ದಾರಿ

ಈಗ ಸ್ವೀಡನ್ನಿನಲ್ಲಿ ದೀರ್ಘಕಾಲ ದಾಖಲೆಯಿಲ್ಲದೆ ಇರುವವರ ಮುಂದೆ ಇರುವುದು ಜಾರಿಯ ಅಡ್ಡಿಯ ಕಲಮು, ಕುಗ್ಗಿದ ಮಾನವೀಯ ಕಲಮು, ಯುರೋಪಿಯನ್ ಮಾನವ ಹಕ್ಕುಗಳ ಒಡಂಬಡಿಕೆಯ 3 ಮತ್ತು 8ನೇ ವಿಧಿಗಳು, 2020ರ ಜನವರಿ 1ರಿಂದ ಸ್ವೀಡನ್ನಿನ ಸ್ವಂತ ಕಾನೂನಾದ ಮಕ್ಕಳ ಹಕ್ಕುಗಳ ಒಡಂಬಡಿಕೆ. ಇವೆಲ್ಲ ಒಂದೊಂದು ಪ್ರಕರಣದ ಸಾಕ್ಷ್ಯದ ಮೇಲೆ ನಡೆಯುವ ವಾದಗಳು. ಕಳೆದ ಮೂರು ದಶಕಗಳ ದಾಖಲೆ ನೋಡಿದರೆ, ನಾಲ್ಕು ವರ್ಷದ ವಾಯಿದೆ ಕುಟುಂಬಗಳಿಗೆ ಎರಡನೆಯ ವಿಚಾರಣೆ ಕೊಟ್ಟಿತೇ ಹೊರತು ನೆಲೆ ಕೊಡಲಿಲ್ಲ. ಸಾವಿರಗಳ ಸಂಖ್ಯೆಯಲ್ಲಿ ನೆಲೆ ಸಿಕ್ಕಿದ್ದು 1994, 2005, 2018ರಲ್ಲಿ ಹೊರಗೆ ಒತ್ತಡ ಬೆಳೆದು, ಒಳಗೆ ರಾಜಿ ಕುದುರಿದಾಗ. ವಾಯಿದೆಯೂ ಹೋದ ಮೇಲೆ ದೊಡ್ಡ ಪ್ರಮಾಣದ ಪರಿಹಾರ ಮತ್ತೆ ಬರಬೇಕಾದರೆ ರಿಕ್ಸ್‌ದಾಗ್‌ನ ಬಹುಮತದಿಂದಲೇ ಬರಬೇಕು.